ಯಾವ ರಿಬ್ಬಿಗೆ ಎಷ್ಟು ಹೊರೆ?

ಬೂದಿಕೋಟೆ, ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಚಪ್ಪಡಿ ಕಲ್ಲಿನ ಸೂರಿರುವ ಹಳೆಯ ಮನೆಗಳು ಇನ್ನೂ ಕಾಣಸಿಗುತ್ತವೆ. ಬಂಡೆಯ ಮೇಲೆ ಸೌದೆ ಉರಿಸಿ, ಪದರ ಬಿಟ್ಟ ಕಲ್ಲನ್ನು ಉಳಿ ಸುತ್ತಿಗೆಯಲ್ಲಿ ಸೀಳಿ ಎಬ್ಬಿಸಿದ ಚಪ್ಪಡಿಗಳು ಅವು. ಕಾಂಕ್ರೀಟಿನ ಲೆಕ್ಕ ಕಲಿಯಲು ಬಂದವರಿಗೆ ನಾನು ಮೊದಲು ಇಂಥ ಸೂರನ್ನೇ ತೋರಿಸುತ್ತೇನೆ. ರಿಬ್ಬ್ಡ್ ಸ್ಲ್ಯಾಬ್, ವಾಫಲ್ ಸ್ಲ್ಯಾಬ್ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಆ ಲೆಕ್ಕದ ಅರ್ಧ ಈ ಚಪ್ಪಡಿಯಲ್ಲೇ ಇದೆ.

ಒಂದು ಚಪ್ಪಡಿ ತೆಗೆದುಕೊಳ್ಳಿ. ಉದ್ದ 2 ಮೀಟರ್, ಅಗಲ 60 ಸೆಂಟಿಮೀಟರ್, ದಪ್ಪ 10 ಸೆಂಟಿಮೀಟರ್. ಗುಣಿಸಿದರೆ 0.12 ಘನ ಮೀಟರ್ ಕಲ್ಲು. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 26.5 ಕಿಲೋನ್ಯೂಟನ್ ತೂಗುತ್ತದೆ. 1 ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ 100 ಕೆಜಿ ಭಾರ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆಲ್ಲಾ ಇದೇ ಬೇಕಾಗುತ್ತದೆ. ಈ ಚಪ್ಪಡಿ ಸುಮಾರು 3.2 ಕಿಲೋನ್ಯೂಟನ್, ಅಂದರೆ 320 ಕೆಜಿ. ಅದರ ಎರಡು ತುದಿ ಎರಡು ಗೋಡೆಯ ಮೇಲೆ ಕೂತಿವೆ. ಒಂದೊಂದು ಗೋಡೆಗೆ 1.6. ಚಪ್ಪಡಿಯ ಪಕ್ಕಕ್ಕೆ ಅಂಟಿಕೊಂಡಂತೆ ನಿಂತಿರುವ ಅಡ್ಡಗೋಡೆಗೆ ಎಷ್ಟು? ಏನೂ ಇಲ್ಲ. ಅದು ಮಳೆ ಗಾಳಿ ತಡೆಯುತ್ತದೆ, ತನ್ನ ಭಾರ ತಾನು ಹೊರುತ್ತದೆ, ಸೂರಿನ ಭಾರ ಅದಕ್ಕೆ ಸೇರುವುದಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲಿ. ನಾಲ್ಕು ಗೋಡೆ ಇದೆಯಲ್ಲ, ನಾಲ್ಕಕ್ಕೂ ಹಂಚೋಣ ಅನ್ನುತ್ತಾರೆ.

ಕೋಣೆ ದೊಡ್ಡದಾದಾಗ ನಡುವೆ ಒಂದು ಕಲ್ಲಿನ ತೊಲೆ ಬರುತ್ತದೆ. ಎಡಗಡೆಯ ಚಪ್ಪಡಿ ತನ್ನ ಅರ್ಧವನ್ನು ತೊಲೆಗೆ ಕೊಡುತ್ತದೆ, ಬಲಗಡೆಯದೂ ಅರ್ಧ ಕೊಡುತ್ತದೆ. ಎಡಕ್ಕೆ 1 ಮೀಟರ್, ಬಲಕ್ಕೆ 1 ಮೀಟರ್, ಒಟ್ಟು 2 ಮೀಟರ್ ಅಗಲದ ಪಟ್ಟಿ ತೊಲೆಯ ಪಾಲು. 10 ಸೆಂಟಿಮೀಟರ್ ಕಲ್ಲು ಚದರ ಮೀಟರಿಗೆ 2.65 ಕಿಲೋನ್ಯೂಟನ್. ಹಾಗಾಗಿ ತೊಲೆಯ ಪ್ರತಿ ಮೀಟರ್ ಉದ್ದಕ್ಕೆ 5.3. ಮೇಲೆ ಹಾಕಿದ ಮಣ್ಣು, ಗಾರೆ ಬೇರೆ. ಚದರ ಮೀಟರಿನ ಭಾರವನ್ನು ಪಾಲಿನ ಅಗಲದಿಂದ ಗುಣಿಸಿದರೆ ತೊಲೆಯ ಮೀಟರಿನ ಭಾರ ಬರುತ್ತದೆ. ರಿಬ್ಬ್ಡ್ ಸ್ಲ್ಯಾಬಿನ ಲೆಕ್ಕದಲ್ಲೂ ಇದೇ ಒಂದು ಗುಣಾಕಾರ, ಅಷ್ಟೆ. ತೊಲೆಯ ಬದಲು ರಿಬ್ಬು, ಚಪ್ಪಡಿಯ ಬದಲು ಮೇಲಿನ ತೆಳು ಕಾಂಕ್ರೀಟು.

ಈಗ ಕಾಂಕ್ರೀಟಿಗೆ ಬರೋಣ. ಬೂದಿಕೋಟೆಯಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟುತ್ತಿದ್ದೇವೆ ಎಂದುಕೊಳ್ಳಿ. ಮೇಲೆ ಮದುವೆಯ ಹಾಲ್, ಕೆಳಗೆ ಊಟದ ಹಾಲ್. 9 ಮೀಟರಿಗೆ 9 ಮೀಟರ್, ಅಂದರೆ ಸುಮಾರು 30 ಅಡಿ ಚೌಕ. ಪಂಕ್ತಿಯ ನಡುವೆ ಕಂಬ ಬರಬಾರದು ಎಂದು ಯಜಮಾನರ ಹಟ. ಮಾಮೂಲಿ ಮೋಲ್ಡ್ ಹಾಕಿದರೆ, ಅಂದರೆ ಗಟ್ಟಿ ಸ್ಲ್ಯಾಬ್ ಹಾಕಿದರೆ, 300 ಮಿಲಿಮೀಟರ್ ದಪ್ಪ ಎಂದುಕೊಂಡರೂ ಅದರ ಸ್ವಂತ ಭಾರವೇ ಚದರ ಮೀಟರಿಗೆ 7.5 ಕಿಲೋನ್ಯೂಟನ್. ಆರ್‌ಸಿಸಿಯ ತೂಕ ಘನ ಮೀಟರಿಗೆ 25 ಎಂದು ಹಿಡಿಯುತ್ತೇವೆ. ಮೇಲೆ ಕೂರುವ ನೆಂಟರ ಭಾರ ಇದಕ್ಕಿಂತ ಕಡಿಮೆ! ಸ್ಲ್ಯಾಬು ತನ್ನನ್ನು ತಾನು ಹೊರುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ.

ಸ್ಲ್ಯಾಬು ಹೊರೆಗೆ ಬಾಗಿದಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ತಳ ಹಿಗ್ಗಲು ನೋಡುತ್ತದೆ. ಅದುಮುವಿಕೆಗೆ ಕಾಂಕ್ರೀಟ್ ಗಟ್ಟಿಗ, ಎಳೆತಕ್ಕೆ ತೀರಾ ದುರ್ಬಲ. ಎಳೆತವನ್ನು ತಳದ ಕಂಬಿ ನೋಡಿಕೊಳ್ಳುತ್ತದೆ, ಅಲ್ಲಿಯ ಕಾಂಕ್ರೀಟಿನ ಬಲವನ್ನು ಲೆಕ್ಕದಲ್ಲಿ ಸೊನ್ನೆ ಎಂದೇ ಹಿಡಿಯುತ್ತೇವೆ. ಕಂಬಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದು, ತುಕ್ಕು ಹಿಡಿಯದಂತೆ ಮುಚ್ಚುವುದು, ಶಿಯರ್, ಅಂದರೆ ಅಡ್ಡ ಕತ್ತರಿಸುವ ಬಲ, ತಡೆಯುವುದು, ಇಷ್ಟು ತಳದ ಕಾಂಕ್ರೀಟಿನ ಕೆಲಸ. ಅಷ್ಟಕ್ಕೆ ಇಡೀ ತಳವನ್ನೂ ತುಂಬಿಸಬೇಕೆ? ಕಂಬಿ ಇರುವ ಕಡೆ ಸಣ್ಣ ತೊಲೆಗಳಂತೆ ಕಾಂಕ್ರೀಟ್ ಉಳಿಸಿ, ನಡುವಿನದನ್ನು ಬಿಟ್ಟುಬಿಟ್ಟರೆ ರಿಬ್ಬ್ಡ್ ಸ್ಲ್ಯಾಬ್. ರಿಬ್ಬುಗಳನ್ನು ಎರಡೂ ದಿಕ್ಕಿಗೆ ಹಾಯಿಸಿದರೆ ವಾಫಲ್ ಸ್ಲ್ಯಾಬ್. ಕೆಳಗೆ ನಿಂತು ತಲೆಯೆತ್ತಿದರೆ ಸೂರಿನ ತುಂಬಾ ಚೌಕ ಗುಳಿಗಳು ಕಾಣುತ್ತವೆ, ಪಡ್ಡಿನ ಕಾವಲಿಯನ್ನು ಬೋರಲು ಹಾಕಿ ನೋಡಿದ ಹಾಗೆ.

ನಮ್ಮ ಹಾಲಿಗೆ ಅಳತೆ ಇಟ್ಟುಕೊಳ್ಳೋಣ. ಮೇಲಿನ ತೆಳು ಪದರ, ಅದನ್ನು ಟಾಪಿಂಗ್ ಅನ್ನುತ್ತಾರೆ, 75 ಮಿಲಿಮೀಟರ್. ಅದರ ಕೆಳಗೆ ಇಳಿದ ರಿಬ್ಬಿನ ಆಳ 350, ಅಗಲ 150. ರಿಬ್ಬಿನ ನಡುವಿನಿಂದ ಪಕ್ಕದ ರಿಬ್ಬಿನ ನಡುವಿಗೆ 900. ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456:2000 ಪ್ರಕಾರ ರಿಬ್ಬಿನ ಅಗಲ 65 ಮಿಲಿಮೀಟರಿಗೆ ಕಡಿಮೆ ಇರಬಾರದು, ಅಂತರ 1.5 ಮೀಟರ್ ಮೀರಬಾರದು, ಟಾಪಿಂಗ್ ಬಿಟ್ಟು ರಿಬ್ಬಿನ ಆಳ ಅಗಲದ ನಾಲ್ಕು ಪಟ್ಟು ಮೀರಬಾರದು. ಮೂರರಲ್ಲೂ ನಾವು ಸರಿಯಾಗಿದ್ದೇವೆ. ಈ ಮಿತಿಯೊಳಗಿದ್ದರೆ ಗಟ್ಟಿ ಸ್ಲ್ಯಾಬಿನ ಲೆಕ್ಕದ ಕ್ರಮವನ್ನೇ ಇದಕ್ಕೂ ಬಳಸಬಹುದು ಎಂದು ಕೋಡ್ ಒಪ್ಪುತ್ತದೆ. 65 ಮಿಲಿಮೀಟರಿನ ರಿಬ್ಬಿನಲ್ಲಿ ಕಂಬಿ, ರಿಂಗು, ಕವರಿಂಗ್ ಎಲ್ಲ ಕೂರಿಸಿ, ಜಲ್ಲಿ ಇಳಿಯುವಂತೆ ಮಾಡುವ ಮೇಸ್ತ್ರಿಯನ್ನು ನಾನಂತೂ ಕಂಡಿಲ್ಲ. ಕೋಡಿನ ಕನಿಷ್ಠ ಬೇರೆ, ಸೈಟಿನ ಕನಿಷ್ಠ ಬೇರೆ.

ಮೊದಲು ಒಂದೇ ದಿಕ್ಕಿನ ರಿಬ್ಬುಗಳಿದ್ದರೆ ಏನಾಗುತ್ತದೆ ನೋಡಿ. ಟಾಪಿಂಗ್ 0.075 ಗುಣಿಸು 25, ಅಂದರೆ ಚದರ ಮೀಟರಿಗೆ 1.88. ಒಂದು ರಿಬ್ಬು ಮೀಟರಿಗೆ 0.15 ಗುಣಿಸು 0.35 ಗುಣಿಸು 25, ಅಂದರೆ 1.31. ಅದು 0.9 ಮೀಟರಿಗೊಂದು ಬರುವುದರಿಂದ 0.9ರಿಂದ ಭಾಗಿಸಿದರೆ ಚದರ ಮೀಟರಿಗೆ 1.46. ಎರಡೂ ಕೂಡಿ 3.33.

ವಾಫಲ್ ಆದರೆ ಒಂದು ಗುಳಿಯ ಮನೆಯನ್ನು ಇಡಿಯಾಗಿ ತೆಗೆದುಕೊಂಡು ಲೆಕ್ಕ ಹಾಕಿ. 0.9ಕ್ಕೆ 0.9 ಚೌಕ. ಟಾಪಿಂಗ್ 0.0608 ಘನ ಮೀಟರ್. ರಿಬ್ಬುಗಳು ಎರಡು ದಿಕ್ಕಿಗೂ ಇವೆ, ಆದರೆ ಅವು ಅಡ್ಡ ಹಾಯುವ ಜಾಗ ಎರಡಕ್ಕೂ ಒಂದೇ. ಅದನ್ನು ಎರಡು ಸಲ ಎಣಿಸಬಾರದು. ಆದ್ದರಿಂದ ರಿಬ್ಬಿನ ಉದ್ದ 0.9 ಮತ್ತು 0.75, ಒಟ್ಟು 1.65 ಮೀಟರ್, ಘನ ಅಳತೆ 0.0866. ಒಟ್ಟು 0.1474, ತೂಕ 3.68 ಕಿಲೋನ್ಯೂಟನ್, 0.81 ಚದರ ಮೀಟರಿನಿಂದ ಭಾಗಿಸಿದರೆ 4.55. ಅಡ್ಡ ಹಾಯುವ ಜಾಗವನ್ನು ಎರಡು ಸಲ ಎಣಿಸಿದ್ದರೆ ನೂರು ಗುಳಿಗಳ ಈ ಹಾಲಿನಲ್ಲಿ ಇಲ್ಲದ 2 ಟನ್ ಭಾರ ಕಾಗದದ ಮೇಲೆ ಸೇರಿಕೊಳ್ಳುತ್ತಿತ್ತು. ಅದು ಸುರಕ್ಷತೆಯ ಕಡೆಗೇ ಆಗುವ ತಪ್ಪು ನಿಜ, ಆದರೂ ತಪ್ಪು ತಪ್ಪೇ. ಇನ್ನೊಂದು ಗಮನಿಸಿ: ಒಟ್ಟು ಆಳ 425 ಮಿಲಿಮೀಟರ್ ಆದರೂ ಭಾರ 4.55. ಇದೇ ಆಳಕ್ಕೆ ಗಟ್ಟಿಯಾಗಿ ತುಂಬಿದ್ದರೆ 10.6 ಆಗುತ್ತಿತ್ತು.

ಇನ್ನು ಮೇಲಿನ ಹೊರೆ. ನೆಲಹಾಸು, ಅದರ ಕೆಳಗಿನ ಗಾರೆಗೆ 1. ಜನರ ಭಾರಕ್ಕೆ ಹೊರೆಗಳ ಕೋಡ್ ಐಎಸ್ 875ರ ಎರಡನೇ ಭಾಗ ನೋಡಬೇಕು. ಮನೆಯ ಕೋಣೆಗೆ 2, ಕುರ್ಚಿ ನೆಲಕ್ಕೆ ಜಡಿದಿರುವ ಸಭಾಂಗಣಕ್ಕೆ 4, ಜಡಿಯದ ಕುರ್ಚಿಗಳ ಹಾಲಿಗೆ 5. ಕುರ್ಚಿ ಎತ್ತಿಟ್ಟರೆ ಜನ ಒತ್ತೊತ್ತಾಗಿ ನಿಲ್ಲುತ್ತಾರೆ, ಆರತಕ್ಷತೆಯ ಸಾಲು ನೆನಪಿಸಿಕೊಂಡರೆ ಸಾಕು. ಮದುವೆ ಹಾಲಿಗೆ 5ನ್ನೇ ಹಿಡಿಯಿರಿ. ಎಲ್ಲ ಕೂಡಿ 10.55. ಸುರಕ್ಷತೆಗೆಂದು ಇದನ್ನು ಒಂದೂವರೆ ಪಟ್ಟು ಮಾಡಿದರೆ ವಿನ್ಯಾಸದ ಹೊರೆ ಸುಮಾರು 15.8. ಒಂದೇ ದಿಕ್ಕಿನ ರಿಬ್ಬುಗಳಾದರೆ 9.33, ಒಂದೂವರೆ ಪಟ್ಟಿಗೆ 14.

ಇಲ್ಲಿಯವರೆಗೆ ಎಣಿಸುವ ಕೆಲಸ. ಇದಕ್ಕೆ ತಾಳ್ಮೆ ಇದ್ದರೆ ಸಾಕು. ಹಂಚುವ ಕೆಲಸದಲ್ಲಿ ತಲೆ ಓಡಿಸಬೇಕು.

ಒಂದೇ ದಿಕ್ಕಿನ ರಿಬ್ಬುಗಳ ಹಂಚಿಕೆ ಕಲ್ಲಿನ ತೊಲೆಯದೇ. ಪ್ರತಿ ರಿಬ್ಬಿನ ಪಾಲು 0.9 ಮೀಟರ್ ಅಗಲ. 14 ಗುಣಿಸು 0.9, ಮೀಟರಿಗೆ 12.6 ಕಿಲೋನ್ಯೂಟನ್. ತುದಿಗಳು ಬೀಮಿನ ಮೇಲೆ ಸುಮ್ಮನೆ ಕೂತಿವೆ ಎಂದುಕೊಂಡರೆ ನಡುವಿನ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಬಲದ ಅಳತೆ), ಹೊರೆ ಗುಣಿಸು ಉದ್ದದ ವರ್ಗ ಭಾಗಿಸು 8, ಸುಮಾರು 128 ಕಿಲೋನ್ಯೂಟನ್ ಮೀಟರ್.

ವಾಫಲ್‌ನಲ್ಲಿ ಒಂದು ಅಡ್ಡ ಹಾಯುವ ಜಾಗವನ್ನು ಹತ್ತಿರದಿಂದ ನೋಡಿ. ಪೂರ್ವ ಪಶ್ಚಿಮದ ರಿಬ್ಬು, ಉತ್ತರ ದಕ್ಷಿಣದ ರಿಬ್ಬು ಅಲ್ಲಿ ಒಂದೇ ಕಾಂಕ್ರೀಟಿನ ಮುದ್ದೆಯಾಗಿ ಸೇರಿವೆ. ಹೊರೆ ಬಿದ್ದಾಗ ಒಂದು 10 ಮಿಲಿಮೀಟರ್ ಇಳಿದು ಇನ್ನೊಂದು 6 ಇಳಿಯಲು ಸಾಧ್ಯವೇ ಇಲ್ಲ. ಇಳಿದರೆ ಎರಡೂ ಒಂದೇ ಅಳತೆ ಇಳಿಯಬೇಕು. ಹಂಚಿಕೆಯನ್ನು ತೀರ್ಮಾನಿಸುವುದು ಇದೊಂದೇ ಸಂಗತಿ. ಎರಡು ರಿಬ್ಬುಗಳಲ್ಲಿ ಯಾವುದು ಗಡಸೋ ಅದನ್ನು ಅಷ್ಟು ಇಳಿಸಲು ಹೆಚ್ಚು ಹೊರೆ ಬೇಕು. ಹಾಗಾಗಿ ಹೆಚ್ಚು ಹೊರೆ ಅದರ ಪಾಲಿಗೇ ಹೋಗುತ್ತದೆ. ಕೆಜಿಎಫ್ ಚಿನ್ನದ ಗಣಿಯೊಳಗೂ ಇದೇ ನಿಯಮ ಕಾಣುತ್ತಿತ್ತು. ಅದಿರು ತೆಗೆದ ಟೊಳ್ಳಿನೊಳಗೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ಬಂಡೆಗೆ ಆಸರೆ ಕೊಡುತ್ತಿದ್ದರು. ಕಲ್ಲು ಮರದ ಆಸರೆಗಿಂತ ಕಡಿಮೆ ಕುಗ್ಗುತ್ತದೆ, ಮೇಲಿನ ಬಂಡೆಯ ಭಾರ ಅದರ ಮೇಲೆ ಬೇಗ ಕೂರುತ್ತದೆ.

ಸಮನಾದ ಹೊರೆಯ ಕೆಳಗೆ ರಿಬ್ಬು ಎಷ್ಟು ಇಳಿಯುತ್ತದೆ ಎಂಬುದು ಅದರ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ. ಉದ್ದ ಎರಡು ಪಟ್ಟಾದರೆ ಇಳಿತ ಹದಿನಾರು ಪಟ್ಟು. ಎರಡು ದಿಕ್ಕಿನ ಇಳಿತ ಒಂದೇ ಆಗಬೇಕಾದರೆ, ಗಿಡ್ಡ ದಿಕ್ಕಿನ ಹೊರೆ ಗುಣಿಸು ಅದರ ಉದ್ದದ ನಾಲ್ಕನೇ ಘಾತ, ಉದ್ದ ದಿಕ್ಕಿನ ಹೊರೆ ಗುಣಿಸು ಅದರ ಉದ್ದದ ನಾಲ್ಕನೇ ಘಾತಕ್ಕೆ ಸಮ. ಪಠ್ಯಪುಸ್ತಕದಲ್ಲಿ ಇದು ರ್‍ಯಾಂಕಿನ್–ಗ್ರಾಷಾಫ್ ಕ್ರಮ ಎಂಬ ಹೆಸರಿನಲ್ಲಿ ಬರುತ್ತದೆ. ಸೂತ್ರ ಬಾಯಿಪಾಠ ಮಾಡಿದವರು ಪರೀಕ್ಷೆಯ ಮಾರನೇ ದಿನ ಮರೆಯುತ್ತಾರೆ. ಅಡ್ಡ ಹಾಯುವ ಆ ಒಂದು ಜಾಗವನ್ನು ಕಣ್ಣಿಗೆ ತಂದುಕೊಳ್ಳುವವರು ಬೇಕೆಂದಾಗ ಸೂತ್ರವನ್ನು ತಾವೇ ಬರೆದುಕೊಳ್ಳುತ್ತಾರೆ.

ನಮ್ಮ ಹಾಲು ಚೌಕ. ಎರಡೂ ಉದ್ದ ಒಂದೇ, ಆದ್ದರಿಂದ ಅರ್ಧರ್ಧ. 15.8ರಲ್ಲಿ ಒಂದು ದಿಕ್ಕಿಗೆ 7.9. ರಿಬ್ಬಿನ ಪಾಲು 0.9 ಮೀಟರ್, ಹಾಗಾಗಿ ಮೀಟರಿಗೆ 7.1. ನಡುವಿನ ಮೊಮೆಂಟ್ ಸುಮಾರು 72. ಒಂದೇ ದಿಕ್ಕಿನಲ್ಲಿ 128 ಇದ್ದದ್ದು ಇಲ್ಲಿ 72ಕ್ಕೆ ಇಳಿಯಿತು. ಸರಿಯೇ ಎಂದು ತಾಳೆ ನೋಡಬೇಕಾದರೆ ಐಎಸ್ 456ರ 27ನೇ ಕೋಷ್ಟಕ ತೆಗೆಯಿರಿ. ಮೂಲೆಗಳನ್ನು ಹಿಡಿದಿಡದ ಚೌಕ ಸ್ಲ್ಯಾಬಿಗೆ ಅಲ್ಲಿ ಕೊಟ್ಟಿರುವ ಗುಣಾಂಕ 0.062. ನಮ್ಮ ಅರ್ಧದ ಎಂಟನೇ ಒಂದು ಭಾಗ 0.0625. ಕೋಷ್ಟಕದ ಹಿಂದೆ ಇರುವುದೂ ಇದೇ ಲೆಕ್ಕ. ಮೂಲೆಗಳನ್ನು ಮೇಲೇಳದಂತೆ ಹಿಡಿದಿಟ್ಟ ಸ್ಲ್ಯಾಬಿಗೆ 26ನೇ ಕೋಷ್ಟಕದಲ್ಲಿ 0.056 ಸಿಗುತ್ತದೆ, ಕಂಬಿ ಉಳಿಯುತ್ತದೆ. ಆದರೆ ಆ ಉಳಿತಾಯಕ್ಕೆ ಕಾರಣ ಗಟ್ಟಿ ಸ್ಲ್ಯಾಬು ತಿರುಚುವಿಕೆಯನ್ನು ತಡೆಯುವ ಬಲ. ತೆಳು ರಿಬ್ಬುಗಳಿಗೆ ಆ ಬಲ ಅಷ್ಟಿಲ್ಲ. ಹೊಸಬರು 0.062ನ್ನೇ ಹಿಡಿಯಲಿ ಎಂಬುದು ನನ್ನ ಅಭಿಪ್ರಾಯ.

ನಿಜಕ್ಕೂ ಎಲ್ಲ ರಿಬ್ಬುಗಳೂ ಸಮನಾಗಿ ಹೊರುವುದಿಲ್ಲ. ಗೋಡೆಯ ಪಕ್ಕದ ರಿಬ್ಬು ಬೀಮಿಗೆ ಹತ್ತಿರ ಇರುವುದರಿಂದ ಹೆಚ್ಚು ಇಳಿಯಲಾರದು, ಅದಕ್ಕೆ ಕಡಿಮೆ. ಹಾಲಿನ ನಡುವಿನ ರಿಬ್ಬುಗಳಿಗೆ ಹೆಚ್ಚು. ನಡುವಿನದರ ಲೆಕ್ಕವನ್ನೇ ಎಲ್ಲಕ್ಕೂ ಹಾಕಿದರೆ ಬಾರ್ ಬೆಂಡರ್‌ಗೂ ಸುಲಭ, ತಪ್ಪೂ ಕಡಿಮೆ. ಹೀಗೆ ಒಂದೇ ಅಳತೆ ಹಾಕದೆ, ರೋಮಿನಲ್ಲಿ ಎಂಜಿನಿಯರ್ ಪಿಯರ್ ಲುಯಿಜಿ ನೆರ್ವಿ 1950ರ ದಶಕದ ಆರಂಭದಲ್ಲಿ ಗಾತ್ತಿ ಉಣ್ಣೆ ಕಾರ್ಖಾನೆಗೆ ಬಲ ಹರಿಯುವ ಗೆರೆಗಳ ಜಾಡಿನಲ್ಲೇ ಬಳುಕುವ ರಿಬ್ಬುಗಳನ್ನು ಹಾಕಿದರು. ನೋಡಲು ಚಂದ. ಅಂಥ ಸೆಂಟ್ರಿಂಗಿಗೆ ಬಂಗಾರಪೇಟೆಯಲ್ಲಿ ರೇಟು ಕೇಳಿದರೆ ಏನು ಉತ್ತರ ಬರುತ್ತದೆಂದು ನೀವೇ ಊಹಿಸಿ.

ಹಾಲು ಉದ್ದವಾದರೆ ಕಥೆಯೇ ಬದಲಾಗುತ್ತದೆ. 9ಕ್ಕೆ 13.5 ಮೀಟರ್ ಎಂದುಕೊಳ್ಳಿ, ಅನುಪಾತ 1.5. ಅದರ ನಾಲ್ಕನೇ ಘಾತ 5.06. ಗಿಡ್ಡ ದಿಕ್ಕಿಗೆ 6.06ರಲ್ಲಿ 5.06 ಪಾಲು, ಅಂದರೆ ನೂರಕ್ಕೆ 83.5. ಉದ್ದ ದಿಕ್ಕಿಗೆ 16.5 ಮಾತ್ರ. ಗಿಡ್ಡ ರಿಬ್ಬಿನ ಮೊಮೆಂಟ್ ಸುಮಾರು 120 ಬರುತ್ತದೆ. ಒಂದೇ ದಿಕ್ಕಿನ ರಿಬ್ಬುಗಳಿಗೆ ಬಂದಿದ್ದು 128 ಎಂಬುದು ನೆನಪಿದೆಯಲ್ಲ? ಅಷ್ಟೆಲ್ಲ ಗುಳಿಯ ಅಚ್ಚು, ಅಷ್ಟು ಅಡ್ಡ ರಿಬ್ಬು, ಅಷ್ಟು ಕಂಬಿ ಹಾಕಿ ಗಳಿಸಿದ್ದು 8. ಅನುಪಾತ 2 ಆದರೆ ಉದ್ದ ದಿಕ್ಕಿಗೆ ಹೋಗುವುದು ನೂರಕ್ಕೆ 6. ಅಂಥ ಕಡೆ ವಾಫಲ್ ಹಾಕುವುದು ಬರೀ ಶೋಕಿ. ಚೌಕಕ್ಕೆ ವಾಫಲ್, ಉದ್ದದ ಹಾಲಿಗೆ ಗಿಡ್ಡ ದಿಕ್ಕಿನ ರಿಬ್ಬುಗಳು. ಹತ್ತಡಿ ಹನ್ನೆರಡಡಿಯ ಮನೆಯ ಕೋಣೆಗೆ ಎರಡೂ ಬೇಡ, ಐದಿಂಚಿನ ಮೋಲ್ಡ್ ಸಾಕು.

ಮನೆಯ ಸೂರಿನಲ್ಲೂ ಕಾಂಕ್ರೀಟ್ ಉಳಿಸಬೇಕೆಂದರೆ ಇದರದೇ ಬಳಗದ ಫಿಲ್ಲರ್ ಸ್ಲ್ಯಾಬ್ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅದನ್ನು ಮನೆಮಾತಾಗಿಸಿದರು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಆರಂಭಿಸಿದ ಅಸ್ತ್ರ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಕಡಿಮೆ ಖರ್ಚಿನ ಕಟ್ಟಡಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಫಿಲ್ಲರ್ ಸ್ಲ್ಯಾಬಿನಲ್ಲಿ ಗುಳಿ ಖಾಲಿ ಇರುವುದಿಲ್ಲ. ಮಂಗಳೂರು ಹೆಂಚೋ ಇಟ್ಟಿಗೆಯೋ ಒಳಗೇ ಉಳಿಯುತ್ತದೆ, ಅದರ ತೂಕವನ್ನೂ ಕೂಡಿಸಬೇಕು.

ಇನ್ನು ಕಂಬಿ ಕಟ್ಟುವಾಗ ಒಂದು ಮಾತು. ಎರಡು ದಿಕ್ಕಿನ ಕಂಬಿಗಳು ಅಡ್ಡ ಹಾಯುವಲ್ಲಿ ಒಂದು ಕೆಳಗಿರಲೇಬೇಕು, ಇನ್ನೊಂದು ಅದರ ಮೇಲೆ ಕೂರಬೇಕು. ಕೆಳಗಿರುವುದಕ್ಕೆ ಆಳ ಹೆಚ್ಚು ಸಿಗುವುದರಿಂದ ಬಲವೂ ಹೆಚ್ಚು. ಉದ್ದದ ಹಾಲಿನಲ್ಲಿ ಗಿಡ್ಡ ದಿಕ್ಕಿನ ಕಂಬಿ ಕೆಳಗೆ ಬರಬೇಕು, ಏಕೆಂದರೆ ಹೆಚ್ಚು ಹೊರೆ ಅದರದು. ಚೌಕದಲ್ಲಿ ಯಾವುದಾದರೂ ಸರಿ, ಆದರೆ ಲೆಕ್ಕವನ್ನು ಮೇಲೆ ಕೂತ ಕಂಬಿಯ ಆಳಕ್ಕೇ ಹಾಕಿ.

ರಿಬ್ಬುಗಳು ಹೊತ್ತದ್ದನ್ನು ಸುತ್ತಲಿನ ನಾಲ್ಕು ಬೀಮುಗಳಿಗೆ ದಾಟಿಸುತ್ತವೆ. ಒಟ್ಟು ಹೊರೆ 15.8 ಗುಣಿಸು 81, ಸುಮಾರು 1,280 ಕಿಲೋನ್ಯೂಟನ್. ಒಂದು ಬೀಮಿಗೆ 320. ಇದು ಬೀಮಿನ ಉದ್ದಕ್ಕೂ ಸಮನಾಗಿ ಬೀಳುವುದಿಲ್ಲ. ಮೂಲೆಗಳಿಂದ 45 ಡಿಗ್ರಿಯಲ್ಲಿ ಗೆರೆ ಎಳೆದರೆ ಚೌಕ ನಾಲ್ಕು ತ್ರಿಕೋನಗಳಾಗುತ್ತದೆ, ಒಂದೊಂದು ಬೀಮಿಗೆ ಒಂದೊಂದು ತ್ರಿಕೋನ ಎನ್ನುತ್ತದೆ ಐಎಸ್ 456. ಮೂಲೆಯಲ್ಲಿ ಸೊನ್ನೆ, ನಡುವೆ ಮೀಟರಿಗೆ 71. ಉದ್ದದ ಹಾಲಿನಲ್ಲಿ ಗಿಡ್ಡ ಬೀಮಿಗೆ ತ್ರಿಕೋನ, ಉದ್ದ ಬೀಮಿಗೆ ತಲೆ ಕತ್ತರಿಸಿದ ತ್ರಿಕೋನ. ವಿದ್ಯಾರ್ಥಿಗಳು ಇಲ್ಲಿ ಆತುರಪಡುತ್ತಾರೆ. 320ನ್ನು 9ರಿಂದ ಭಾಗಿಸಿ ಮೀಟರಿಗೆ 35.6 ಎಂದು ಬರೆದು ಮೊಮೆಂಟ್ ತೆಗೆದರೆ 360 ಬರುತ್ತದೆ. ನಡುವೆ ಗುಡ್ಡೆಯಾಗಿರುವ ಹೊರೆಯ ನಿಜವಾದ ಮೊಮೆಂಟ್ 480. ಶಿಯರಿಗೆ ಸರಾಸರಿ ಹಿಡಿದರೆ ನಡೆಯುತ್ತದೆ, ಮೊಮೆಂಟಿಗೆ ನಡೆಯುವುದಿಲ್ಲ. ಸಮ ಹೊರೆಯಾಗಿ ಬದಲಿಸಿಕೊಳ್ಳಲೇಬೇಕೆಂದರೆ ತ್ರಿಕೋನಕ್ಕೆ ಚದರ ಮೀಟರಿನ ಹೊರೆ ಗುಣಿಸು ಗಿಡ್ಡ ಉದ್ದ ಭಾಗಿಸು 3, ಇಲ್ಲಿ 47.4, ಹಿಡಿಯಿರಿ. ಇದಕ್ಕೆ ಬೀಮಿನ ಸ್ವಂತ ಭಾರ, ಅದರ ಮೇಲಿನ ಗೋಡೆ ಕೂಡಿಸಿ. ಬೀಮು ಗಡಸಾಗಿರಬೇಕು ಎಂಬುದೂ ಗೊತ್ತಿರಲಿ. ಬೀಮೇ ಬಾಗಿದರೆ ನಾವು ಮಾಡಿದ ಅರ್ಧರ್ಧದ ಹಂಚಿಕೆ ಕೆಡುತ್ತದೆ. ಬೀಮಿಲ್ಲದೆ ನೇರ ಕಾಲಂ ಮೇಲೆ ಕೂರಿಸುವ ವಾಫಲ್ ಆದರೆ ಕಾಲಮ್ಮಿನ ಸುತ್ತ ಕೆಲವು ಗುಳಿಗಳನ್ನು ಮುಚ್ಚಿ ಗಟ್ಟಿಯಾಗಿ ತುಂಬಿಸಬೇಕು, ಇಲ್ಲವಾದರೆ ಕಾಲಂ ಸ್ಲ್ಯಾಬನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ. ಹಾಗೆ ತುಂಬಿಸಿದ ಜಾಗದಲ್ಲಿ ಭಾರ 4.55 ಅಲ್ಲ, 10.6.

ಇಷ್ಟೂ ಲೆಕ್ಕ ಹೊರೆ ಸಮನಾಗಿ ಹರಡಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದನ್ನು ಕೆಡಿಸುವುದು ಗೋಡೆ ಮತ್ತು ನೀರು. ಮಂಟಪ ಮುಗಿದ ಮೇಲೆ ಯಜಮಾನರಿಗೆ ಹಾಲಿನ ಒಂದು ಮೂಲೆಯಲ್ಲಿ ವಧುವಿನ ಕೋಣೆ ಬೇಕಾಗುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, 3 ಮೀಟರ್ ಎತ್ತರ: 0.23 ಗುಣಿಸು 3 ಗುಣಿಸು 20, ಮೀಟರಿಗೆ 13.8. ಒಂದೂವರೆ ಪಟ್ಟು ಮಾಡಿದರೆ 20.7. ನಮ್ಮ ರಿಬ್ಬಿಗೆ ಲೆಕ್ಕ ಹಾಕಿದ್ದು 7.1! ಗೋಡೆ ರಿಬ್ಬಿನ ನೇರಕ್ಕೆ ಬಂದರೆ ಅದರ ಪಾಲಿನ ಮೂರು ಪಟ್ಟು ಒಂದೇ ಸಲ ಬಿದ್ದಂತೆ. ಎರಡು ರಿಬ್ಬುಗಳ ನಡುವೆ ಬಂದರೆ 75 ಮಿಲಿಮೀಟರಿನ ಟಾಪಿಂಗ್ ಮೇಲೆ. ತಾರಸಿಯೂ ಇದೇ ಅಳತೆಯ ವಾಫಲ್ ಆಗಿ, 1,000 ಲೀಟರಿನ ಟ್ಯಾಂಕನ್ನು ಅದರ ನಟ್ಟನಡುವೆ ಇಟ್ಟು, ನೀರಿನ ಭಾರದ ಒಂದೂವರೆ ಪಟ್ಟನ್ನು ಒಂದೇ ರಿಬ್ಬು ಹೊತ್ತರೆ ಹೆಚ್ಚುವರಿ ಮೊಮೆಂಟ್ ಸುಮಾರು 34, ಅಂದರೆ 72ರ ಅರ್ಧದಷ್ಟು. ಅಡ್ಡ ರಿಬ್ಬುಗಳು ಒಂದಿಷ್ಟು ಹಂಚಿಕೊಳ್ಳುತ್ತವೆ ನಿಜ, ಆದರೆ ಅದನ್ನೇ ನೆಚ್ಚಿಕೊಂಡು ಟ್ಯಾಂಕು ಇಡಬೇಡಿ. ಟ್ಯಾಂಕಿನ ಜಾಗ ಕಾಲಂ ಮೂಲೆ. ಜಾಗ ಗೊತ್ತಿಲ್ಲದ ಹಗುರ ಪಾರ್ಟಿಷನ್ನುಗಳಿಗೆ ಚದರ ಮೀಟರಿಗೆ ಕನಿಷ್ಠ 1 ಕೂಡಿಸಲು ಐಎಸ್ 875 ಹೇಳುತ್ತದೆ. ಇಟ್ಟಿಗೆ ಗೋಡೆ ಅದರಲ್ಲಿ ಬರುವುದಿಲ್ಲ. ಗೋಡೆ ಬರುವ ಜಾಗ ಮೊದಲೇ ಗೊತ್ತಿದ್ದರೆ ಅದರ ಕೆಳಗೆ ಎರಡು ರಿಬ್ಬು ಸೇರಿಸಿ ಬೀಮಿನಂತೆ ಮಾಡಬಹುದು, ಖರ್ಚು ಅಂಥದ್ದೇನಲ್ಲ. ಆದ್ದರಿಂದ ನಕ್ಷೆಯ ಮೇಲೆ ಗುಳಿಗಳ ಚೌಕ ಎಳೆಯುವ ಮೊದಲು ಯಜಮಾನರನ್ನು ಕೂರಿಸಿಕೊಂಡು ಗೋಡೆ ಎಲ್ಲೆಲ್ಲಿ, ಟ್ಯಾಂಕು ಎಲ್ಲಿ, ಜನರೇಟರ್ ಎಲ್ಲಿ ಎಂದು ಕೇಳಿ ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳಿ. ಗೊತ್ತಿಲ್ಲ, ಆಮೇಲೆ ನೋಡೋಣ ಅಂದರೆ, ಆಮೇಲೆ ಬರುವ ಗೋಡೆ ಹಗುರ ಬೋರ್ಡಿನದೇ ಆಗಿರಬೇಕು ಎಂದು ನಕ್ಷೆಯಲ್ಲೇ ಬರೆದು ಅವರ ಸಹಿ ತೆಗೆದುಕೊಳ್ಳಿ.